ಪದ ಬೇಕು: ತೋಟದ ಬೋರ್ಡಿಗೆ ‘ನೇಟಿವ್ ಬೀಸ್’

ಶಿರಸಿಯಿಂದ:
ಎಲ್ಲರಿಗೂ ನಮಸ್ಕಾರ. ಭಾನುವಾರದೊಳಗೆ ಒಂದು ಪದ ಬೇಕು. ಬೇಸಿಗೆ ರಜೆಗೆ ಅಕ್ಕನ ಮಕ್ಕಳು ಬೆಂಗಳೂರಿನಿಂದ ಬಂದಿದ್ದಾರೆ. ಮೊನ್ನೆ ಸಣ್ಣವಳು ಕೊಟ್ಟಿಗೆಯ ಮಣ್ಣುಗೋಡೆ ತೋರಿಸಿ, "ಮಾವಾ, ಗೋಡೆಗೆ ಮೂಗು ಬಂದಿದೆ" ಅಂದಳು. ನೋಡಿದರೆ ಮಿಸರಿ ಜೇನುಗೂಡಿನ ಬಾಯಿ. ಅಂಟುಮೇಣದ ಸಣ್ಣ ಕೊಳವೆ, ಇರುವೆಯಷ್ಟೇ ಇರುವ ಹುಳಗಳು ಒಳಗೆ ಹೊರಗೆ. ಮುಳ್ಳು ಚುಚ್ಚುವುದಿಲ್ಲ ಅಂತ ಗೊತ್ತಾದ ಮೇಲೆ ಮಕ್ಕಳು ಅಲ್ಲಿಂದ ಏಳಲೇ ಇಲ್ಲ. ಆಮೇಲೆ ಪೆಟ್ಟಿಗೆಯ ತುಡುವೆ ಜೇನು, ದಾಸವಾಳದ ಗಿಡದ ಕೋಲುಜೇನು, ಬಿದಿರಿನ ಗಳ ಕೊರೆಯುವ ದೊಡ್ಡ ಕಪ್ಪು ಹುಳ, ಎಲ್ಲ ಹುಡುಕಿ ಬರೆದಿಟ್ಟಿದ್ದಾರೆ. ಈಗ ತೋಟದ ಬಾಗಿಲಿಗೆ ಬೋರ್ಡ್ ಬೇಕಂತೆ. ಅವರು ಬರೆದದ್ದು ‘ನೇಟಿವ್ ಬೀಸ್’. ಕನ್ನಡದಲ್ಲಿ ಏನು ಬರೆಸಲಿ? ಸ್ಥಳೀಯ ಜೇನು, ದೇಸಿ ಜೇನು, ನಾಟಿ ಜೇನು? ಇನ್ನೊಂದು: ಬಿದಿರು ಕೊರೆಯುವುದು ಜೇನೋ, ದುಂಬಿಯೋ?

ಪುತ್ತೂರಿನಿಂದ:
ದುಂಬಿ. ತಮಿಳಿನ ತೇನ್, ತೆಲುಗಿನ ತೇನೆ ನೋಡಿ. ಜೇನು ಅಂದರೆ ಮೊದಲು ತುಪ್ಪ, ಆಮೇಲೆ ಹುಳ. ತುಪ್ಪ ಕೂಡಿಡದ ಹುಳಕ್ಕೆ ಜೇನು ಅನ್ನುವುದು ತಪ್ಪು. ಹಿರಿಯರು ಹೆಬ್ಬಾವಿನ ಹಾಗೆ ಹೆಜ್ಜೇನು ಅಂದರು. ಸಂಸ್ಕೃತದ ಊರುಗೋಲು ಬೇಕಾಗಲಿಲ್ಲ; ಸ್ಥಳೀಯ, ದೇಸಿ ನಮಗೂ ಬೇಡ. ನಮ್ಮ ಕಡೆ ಮಿಸರಿಗೆ ಮುಜಂಟಿ ಅಂತೀವಿ, ಅದನ್ನೂ ಬರೆಸಿ.

ತುಮಕೂರಿನಿಂದ:
ದುಂಬಿ ಬೇಡ. ತೆಂಗಿನ ಸುಳಿ ಕೊರೆಯುವ ರೈನೋಸಿರಸ್ ದುಂಬಿ ಇಲ್ಲಿ ಎಲ್ಲರಿಗೂ ಗೊತ್ತು. ಅದು ಗಟ್ಟಿ ಚಿಪ್ಪಿನ ಹುಳ, ಬೇರೆಯೇ ಜಾತಿ. ಮಕ್ಕಳನ್ನು ದಾರಿ ತಪ್ಪಿಸಬೇಡಿ. ಇನ್ನು ‘ದೇಸಿ’ 10ನೇ ಶತಮಾನದ ಪಂಪನೇ ಬಳಸಿದ ಪದ. ಸಾವಿರ ವರ್ಷ ಬಾಯಲ್ಲಿದ್ದದ್ದನ್ನೂ ಬಿಡುತ್ತಾ ಹೋದರೆ ಕನ್ನಡದಲ್ಲಿ ಏನು ಉಳಿಯುತ್ತೆ?

ಪುತ್ತೂರಿನಿಂದ:
ಬಳಕೆ ಬೇರೆ, ಬೇರು ಬೇರೆ. ಊರ ಕೋಳಿ ಅನ್ನುವ ಹಾಗೆ ‘ಊರ ಜೇನು’ ಸಾಕು. ಬೋರ್ಡ್ ಅನ್ನುವ ಬದಲು ಹಲಗೆ ಅನ್ನಿ, ಪದ ಇದೆಯಲ್ಲ.

ಮೈಸೂರಿನಿಂದ:
ಬೋರ್ಡ್ ಚರ್ಚೆ ಆಮೇಲೆ. ಊರ ಜೇನು ಅಂದರೆ ಕಾಡುಜೇನಲ್ಲದ್ದು ಅಂತಾಗುತ್ತೆ. ಹೆಜ್ಜೇನು ಎಲ್ಲಿಗೆ ಹೋಗಬೇಕು? ನಾಟಿಯೂ ಬೇಡ, ಮಲೆನಾಡಿನಲ್ಲಿ ನಾಟಿ ಅಂದರೆ ಗದ್ದೆ ಕೆಲಸ. ನನ್ನ ಕೇಳಿದರೆ ಯಾವುದೂ ಬೇಡ. ಇಂಥ ಪದ ಬೇಕಾದದ್ದೇ ಯುರೋಪಿನ ಮೆಲ್ಲಿಫೆರಾ ಜೇನು ಇಲ್ಲಿಗೆ ಬಂದ ಮೇಲೆ, ಅಲ್ವಾ? ಅದಕ್ಕೂ ಮೊದಲು ಜೇನು ಅಂದರೆ ನಮ್ಮದೇ. ಬೇಕಿದ್ದರೆ ಹೊರಗಿನಿಂದ ಬಂದದ್ದಕ್ಕೆ ಸೀಮೆಜೇನು ಅನ್ನಿ. ನಮ್ಮದು ಸುಮ್ನೆ ಜೇನು.

ಶಿರಸಿಯಿಂದ:
ಇದು ನನಗೆ ಒಪ್ಪಿತು. ಮೇಲೆ ‘ನಮ್ಮ ತೋಟದ ಜೇನು’, ಕೆಳಗೆ ಮಿಸರಿ ಅಥವಾ ಮುಜಂಟಿ, ತುಡುವೆ, ಕೋಲುಜೇನು. ಬಿದಿರಿನದು ಮಾತ್ರ ಉಳಿದಿದೆ. ಇವತ್ತು ಅದರ ಹಿಂಗಾಲಿಗೆ ಹಳದಿ ಪರಾಗ ಮೆತ್ತಿದ್ದನ್ನು ದೊಡ್ಡವನು ನೋಡಿದ. "ಜೇನಿನ ಕೆಲಸ ಮಾಡುತ್ತೆ, ಜೇನೇ" ಅಂತಾನೆ. ನನಗೂ ಹಾಗೇ ಅನಿಸುತ್ತೆ. ‘ಬಿದಿರುಜೇನು’ ಅಂದರೆ ತಕರಾರು ಇದೆಯಾ? ಪೇಂಟರ್ ನಾಳೆ ಬೆಳಿಗ್ಗೆ 8 ಗಂಟೆಗೆ ಬರ್ತಾರೆ, ಅಷ್ಟರೊಳಗೆ ಹೇಳಿ.