ಸಹಾಯ ಬೇಕು: ಶಾಲೆಯ ಟ್ಯಾಲೆಂಟ್ ಬ್ಯಾಚ್ ಆಯ್ಕೆ ಬಗ್ಗೆ ಕೇಳುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಮಗಳು ಬೆಂಗಳೂರಿನ ವಿಜಯನಗರದ ಕಡೆ ಒಂದು ಖಾಸಗಿ ಶಾಲೆಯಲ್ಲಿ ಐದನೇ ಕ್ಲಾಸು. ಅಲ್ಲಿ ಗಣಿತ, ವಿಜ್ಞಾನದಲ್ಲಿ ಚುರುಕಾಗಿರುವ ಮಕ್ಕಳಿಗೆ ಬೇರೆ ಬ್ಯಾಚ್ ಮಾಡುತ್ತಾರೆ. ಪರೀಕ್ಷೆ ಏನಿಲ್ಲ, ಟೀಚರ್ ಹೆಸರು ಕೊಟ್ಟರೆ ಆಯ್ತು. ಈ ಸಲದ ಪಟ್ಟಿ ನೋಡಿದರೆ ಜಾಸ್ತಿ ಇರುವುದು ವಾರ್ಷಿಕೋತ್ಸವಕ್ಕೆ ಡ್ರೆಸ್ ಹೊಲಿಸಿ, ಲೈಬ್ರರಿ ಪುಸ್ತಕ ಜೋಡಿಸಿ, ಸ್ಪೋರ್ಟ್ಸ್ ಡೇ ದಿನ ಬಿಸಿಲಲ್ಲಿ ನಿಂತು ನೀರು ಹಂಚುವ ಅಮ್ಮಂದಿರ ಮಕ್ಕಳೇ. ಆ ಮಕ್ಕಳು ಜಾಣರಲ್ಲ ಅಂತ ನಾನು ಹೇಳುತ್ತಿಲ್ಲ. ದಿನಾ ಕಣ್ಣಿಗೆ ಬೀಳುವವರ ಮಗು ಬೇಗ ನೆನಪಾಗುತ್ತದೆ, ಅಲ್ವಾ? ನಾವಿಬ್ಬರೂ ಕೆಲಸಕ್ಕೆ ಹೋಗುವವರು, ಸಿಲ್ಕ್ ಬೋರ್ಡ್ ಟ್ರಾಫಿಕ್ ದಾಟಿ ಮನೆ ಸೇರುವಷ್ಟರಲ್ಲಿ ಕತ್ತಲಾಗಿರುತ್ತದೆ.

ಆಯ್ಕೆಗೆ ಏನು ನೋಡುತ್ತೀರಿ ಅಂತ ಬರೆದು ಕೇಳಬಹುದಾ? ಕ್ಲಾಸ್ ಟೀಚರನ್ನೋ, ನೇರ ಪ್ರಿನ್ಸಿಪಾಲರನ್ನೋ? ಸರ್ಕಾರಿ ಶಾಲೆಯಾಗಿದ್ದರೆ ಎಸ್‌ಡಿಎಂಸಿ (ಪೋಷಕರೂ ಇರುವ ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಎದ್ದು ಕೇಳಬಹುದಿತ್ತು. ಇಲ್ಲಿ ಇರುವುದು ಪೋಷಕರ ವಾಟ್ಸಾಪ್ ಗುಂಪು, ಅದರಲ್ಲಿ ಬರೀ ಗುಡ್ ಮಾರ್ನಿಂಗ್. ಶನಿವಾರ ಮಾತ್ರ ಬರುತ್ತೇನೆ ಅಂತ ನಾನೂ ಹೆಸರು ಕೊಡಬಹುದು, ಆದರೆ ಸೀಟಿಗೋಸ್ಕರ ಸೇವೆ ಮಾಡಿದ ಹಾಗಾಗುತ್ತದೆ ಅಂತ ಮುಜುಗರ.

ಇನ್ನೊಂದು ವಿಷಯ. ಕೇಂದ್ರ ಸರ್ಕಾರದ ನವೋದಯ ವಸತಿ ಶಾಲೆಗೆ ಆರನೇ ಕ್ಲಾಸಿನ ಪ್ರವೇಶ ಪರೀಕ್ಷೆ ಬರೆಸೋಣ ಅಂತ ನಮ್ಮವರು ಹೇಳುತ್ತಿದ್ದಾರೆ. 80 ಪ್ರಶ್ನೆ, 100 ಅಂಕ, ಅರ್ಧ ಅಂಕ ಮಾನಸಿಕ ಸಾಮರ್ಥ್ಯಕ್ಕೇ, ಕನ್ನಡದಲ್ಲೂ ಬರೆಯಬಹುದು. ಅಲ್ಲಿ ಯಾರ ಅಮ್ಮ ಏನು ಮಾಡುತ್ತಾಳೆ ಅಂತ ಯಾರೂ ನೋಡಲ್ಲ. ಆದರೆ ಕನಿಷ್ಠ ಶೇ. 75 ಸೀಟು ಹಳ್ಳಿ ಮಕ್ಕಳಿಗೆ (ಅದು ನ್ಯಾಯವೇ ಬಿಡಿ), ಜೊತೆಗೆ ಹಾಸ್ಟೆಲ್ ವಾಸ. ಬೆಂಗಳೂರು ನಗರ ಜಿಲ್ಲೆಯಿಂದ ಬರೆಸಿದವರು ಇದ್ದರೆ ಹೇಗೆ ತಯಾರಿ ಮಾಡಿಸಿದಿರಿ, ದಯವಿಟ್ಟು ಹೇಳಿ. ಕೋಚಿಂಗ್ ಸೆಂಟರ್‌ನವರು ಸುಮ್ನೆ ಮೆಸೇಜ್ ಹಾಕಬೇಡಿ.