ಆಗಸ್ಟ್ 6ಕ್ಕೆ ಸಂಘದಲ್ಲಿ ಬಾಂಬಿನ ಬಗ್ಗೆ ಮಾತಾಡಬೇಕು ಅಂತಿದ್ದೇನೆ. ಡಾಕ್ಟರ್ ಆದವಳು ಎಲ್ಲಿಂದ ಶುರು ಮಾಡಲಿ?

ವಾಶಿನಾಕಾ ಡಾಕ್ಟರಮ್ಮ, ಚೆಂಬೂರು

ಎಲ್ಲರಿಗೂ ನಮಸ್ಕಾರ. ನನ್ನದು ಕುಂದಾಪುರದ ಕಡೆ. ಮದುವೆಯಾಗಿ ಮುಂಬಯಿಗೆ ಬಂದವಳು. ಚೆಂಬೂರಿನ ವಾಶಿನಾಕಾದಲ್ಲಿ 22 ವರ್ಷದಿಂದ ಒಂದು ಸಣ್ಣ ದವಾಖಾನೆ ನಡೆಸುತ್ತಿದ್ದೇನೆ. ಒಂದು ಮೇಜು, ಎರಡು ಬೆಂಚು, ಒಂದು ನೆಬ್ಯುಲೈಜರ್.

ನಮ್ಮ ಸಂಘದ ಮಹಿಳಾ ವಿಭಾಗದವರು ತಿಂಗಳಿಗೊಂದು ಆರೋಗ್ಯದ ಮಾತು ಇಡುತ್ತಾರೆ. ಈ ಸಲದ್ದು ಆಗಸ್ಟ್ 6ಕ್ಕೆ ಬಂದಿದೆ. ಹಿರೋಶಿಮಾ ದಿನ. ಅಣುಬಾಂಬನ್ನು ವಿರೋಧಿಸಿದ ಡಾಕ್ಟರುಗಳ ಬಗ್ಗೆ ಮಾತಾಡುತ್ತೇನೆ ಅಂದೆ. ಕಮಿಟಿಯ ಹಿರಿಯರೊಬ್ಬರು, "ಡಾಕ್ಟ್ರೇ, ಶುಗರ್, ಬಿಪಿ ಬಗ್ಗೆ ಹೇಳಿದರೆ ಸಾಕಲ್ವಾ? ಬಾಂಬು ಸರ್ಕಾರ ನೋಡಿಕೊಳ್ಳುವ ವಿಷಯ" ಅಂದರು. ಅವರ ಮೇಲೆ ನನಗೆ ಬೇಸರ ಇಲ್ಲ. ಅವರು ಕೇಳಿದ್ದು ಬಹಳ ಜನರ ಮನಸ್ಸಿನಲ್ಲಿ ಇರುವ ಪ್ರಶ್ನೆಯೇ.

ನಾನು ಯಾಕೆ ಹಟ ಹಿಡಿದಿದ್ದೇನೆ ಅಂತ ಹೇಳುತ್ತೇನೆ. ಇಂಟರ್ನ್‌ಶಿಪ್ಪಿನಲ್ಲಿ ಸುಟ್ಟಗಾಯದ ವಾರ್ಡಿಗೆ ಹಾಕಿದ್ದರು. ಸ್ಟೋವ್ ಸಿಡಿದು ನೂರಕ್ಕೆ 40ರಷ್ಟು ಮೈ ಸುಟ್ಟ ಒಬ್ಬ ಹೆಂಗಸು ಬಂದಳು. ತೂಕ 50 ಕೆಜಿ ಇರಬಹುದು. ಅಂಥವರಿಗೆ ಮೊದಲ 24 ಗಂಟೆಯಲ್ಲಿ ಸುಮಾರು 8 ಲೀಟರ್ ಬಾಟಲಿ ಏರಿಸಬೇಕು. ಅದರಲ್ಲಿ ಅರ್ಧ ಮೊದಲ 8 ಗಂಟೆಯೊಳಗೆ ಹೋಗಬೇಕು. ಮಾರನೇ ದಿನದಿಂದ ಡ್ರೆಸ್ಸಿಂಗ್. ಇಬ್ಬರು ಸಿಸ್ಟರ್, ನಾನು, ಒಬ್ಬ ಆಯಾ ಸೇರಿದರೂ ಒಂದೂವರೆ ಗಂಟೆ ಬೇಕಾಗುತ್ತಿತ್ತು. ಹೀಗೆ ಐದು ವಾರ. ಆಕೆ ಬದುಕಿ ಮನೆಗೆ ಹೋದಳು. ಆ ಒಬ್ಬಳಿಗಾಗಿ ಒಂದಿಡೀ ವಾರ್ಡು ದುಡಿದಿತ್ತು.

ನಮ್ಮ ಕಡೆ ದೊಡ್ಡ ಸುಟ್ಟಗಾಯ ಅಂದರೆ ಐರೋಲಿಯ ನ್ಯಾಷನಲ್ ಬರ್ನ್ಸ್ ಸೆಂಟರ್ ನೆನಪಾಗುತ್ತದೆ. ಅದು 50 ಹಾಸಿಗೆಯ ಆಸ್ಪತ್ರೆ. 2011ರ ಜನಗಣತಿಯಲ್ಲೇ ಮುಂಬಯಿಯ ಜನ 1 ಕೋಟಿ 24 ಲಕ್ಷ. ಇನ್ನೂ ಕೆಲವು ಆಸ್ಪತ್ರೆಗಳಲ್ಲಿ ಬರ್ನ್ಸ್ ವಾರ್ಡ್ ಇದೆ, ಎಲ್ಲ ಸೇರಿಸಿಯೇ ಲೆಕ್ಕ ಹಾಕಿ. ಒಂದೇ ಒಂದು ಬಾಂಬು ಬಿದ್ದರೆ ನಾನು ಎಷ್ಟು ಜನರಿಗೆ ಬಾಟಲಿ ಏರಿಸಬಲ್ಲೆ? ಅದೂ ನಾನು ಉಳಿದಿದ್ದರೆ. ಹಿರೋಶಿಮಾದಲ್ಲಿ ನೂರಕ್ಕೆ 90 ಡಾಕ್ಟರು, ನರ್ಸುಗಳು ಸತ್ತರು, ಇಲ್ಲವೇ ಗಾಯಗೊಂಡರು. ಆಸ್ಪತ್ರೆಗೆ ಹೋಗಿ ಅನ್ನೋಣ ಅಂದರೆ ಆಸ್ಪತ್ರೆಯೇ ಇರಲಿಲ್ಲ.

ಇನ್ನೊಂದು ವಿಷಯ ನನ್ನ ದವಾಖಾನೆಯದ್ದು. ಹತ್ತಿರದಲ್ಲೇ ಮಾಹುಲ್ ಇದೆ, ಎಣ್ಣೆ ರಿಫೈನರಿಗಳ ಪಕ್ಕದ ಬಡಾವಣೆ. ಮಾಹುಲ್‌ನಿಂದ ಬರುವವರು ಬೆಂಚಿನ ಮೇಲೆ ಕೂರುವ ಮೊದಲೇ "ದಮ್ ಲಾಗ್ತೋ" (ಉಸಿರು ಕಟ್ಟುತ್ತದೆ) ಅನ್ನುತ್ತಾರೆ. ಪಂಪ್ (ಇನ್ಹೇಲರ್) ಬರೆದುಕೊಡುತ್ತೇನೆ. ಪಂಪ್ ಅಭ್ಯಾಸವಾಗುತ್ತದೆ ಅಂತ ಹೆದರುತ್ತಾರೆ, ಕೂರಿಸಿ ತಿಳಿಹೇಳುತ್ತೇನೆ. ಆಮೇಲೆ ಅವರು ವಾಪಸ್ ಹೋಗಿ ಉಸಿರಾಡುವುದು ಅದೇ ಗಾಳಿ. ಕೆಇಎಂ ಆಸ್ಪತ್ರೆಯವರು 2013ರಲ್ಲಿ ಅಲ್ಲಿ ಸರ್ವೆ ಮಾಡಿದಾಗ, ತಿಂಗಳಿಗೆ ಮೂರಕ್ಕಿಂತ ಜಾಸ್ತಿ ಸಲ ಉಸಿರು ಕಟ್ಟುತ್ತದೆ ಅಂತ ನೂರಕ್ಕೆ 67 ಜನ ಹೇಳಿದ್ದರು. ನಾನೂ ಒಂದು ನೋಟುಬುಕ್ಕಿನಲ್ಲಿ ಬರೆದಿಡುತ್ತಾ ಬಂದೆ. ಬಿಲ್ಡಿಂಗ್ ನಂಬರು, ವಯಸ್ಸು, ಯಾವತ್ತು ದಮ್ಮು ಜಾಸ್ತಿಯಾಯಿತು, ಅಷ್ಟೇ. ಅದನ್ನು ಒಂದು ಕಚೇರಿಗೆ ತೆಗೆದುಕೊಂಡು ಹೋದಾಗ ಸಾಹೇಬರು, "ನೀವು ಡಾಕ್ಟರಾ, ಚಳವಳಿಯವರಾ?" ಅಂತ ಕೇಳಿ ಬುಕ್ಕನ್ನು ತೆರೆಯದೆ ವಾಪಸ್ ಕೊಟ್ಟರು.

ಬಾಂಬು, ಮಾಹುಲ್ ಎರಡೂ ನನ್ನ ತಲೆಯಲ್ಲಿ ಒಂದೇ ಕಡೆ ಬಂದು ನಿಲ್ಲುತ್ತವೆ. ಬಂದಮೇಲೆ ನನ್ನ ಕೈಲಿ ವಾಸಿ ಮಾಡಲಾಗದ್ದನ್ನು ಬರುವ ಮೊದಲೇ ತಡೆಯಿರಿ ಅಂತ ಕೂಗಿ ಹೇಳುವುದು ನನ್ನ ಕೆಲಸವೇ. ಆದರೆ ಎರಡನ್ನೂ ಒಂದೇ ಮಾತಿನಲ್ಲಿ ಹೇಳಿದರೆ ಕಲಸುಮೇಲೋಗರ ಆಗುತ್ತದಾ? ಅಜ್ಜಿಯರು, ಮಕ್ಕಳು ಎಲ್ಲ ಬರುತ್ತಾರೆ. ಹೆದರಿಸದೆ ಹೇಗೆ ಹೇಳಲಿ? ನಿಮಗೆ ಗೊತ್ತಿರುವುದನ್ನು ಹೇಳಿ.

ಕೋಥ್ರೂಡ್ ಮಕ್ಕಳ ಡಾಕ್ಟರ್, ಪುಣೆ

ಅಕ್ಕಾರೆ, ನಮಸ್ಕಾರ. ನಾನು ಧಾರವಾಡದಾವ. ಪುಣೆಯಲ್ಲಿ 30 ವರ್ಷ ಮಕ್ಕಳನ್ನು ನೋಡಿ ಈಗ ನಿವೃತ್ತ. ಅಜ್ಜಿ, ಮೊಮ್ಮಕ್ಕಳು ಕೂತಿದ್ದರೆ ಹಾಲುಹಲ್ಲಿನಿಂದ ಶುರು ಮಾಡಿ.

ನಮ್ಮಲ್ಲಿ ಹಾಲುಹಲ್ಲು ಬಿದ್ದರೆ ಸಗಣಿಯಲ್ಲಿ ಸುತ್ತಿ ಹಂಚಿನ ಮೇಲೆ ಎಸೆಯುತ್ತಿದ್ದೆವಲ್ಲ? ಅಮೆರಿಕದ ಸೇಂಟ್ ಲೂಯಿಸ್ ಎಂಬ ಊರಿನಲ್ಲಿ 1958ರಿಂದ ತಾಯಂದಿರು ಆ ಹಲ್ಲನ್ನು ಲಕೋಟೆಯಲ್ಲಿ ಹಾಕಿ ಡಾಕ್ಟರಿಗೆ ಕಳಿಸಿದರು. ಲೂಯಿಸ್ ರೈಸ್ ಎಂಬ ಡಾಕ್ಟರಮ್ಮ ಅದರ ಉಸ್ತುವಾರಿ ನೋಡಿದರು. ಒಟ್ಟು 3 ಲಕ್ಷಕ್ಕೂ ಹೆಚ್ಚು ಹಲ್ಲು ಬಂದವು. ಕಳಿಸಿದ ಮಗುವಿಗೆ ಅಂಗಿಗೆ ಚುಚ್ಚಿಕೊಳ್ಳಲು ಒಂದು ಬಿಲ್ಲೆ ಕೊಡುತ್ತಿದ್ದರು.

ಯಾಕೆ ಹಲ್ಲು? ಆಗ ಬಾಂಬುಗಳನ್ನು ಬಯಲಿನಲ್ಲೇ ಸಿಡಿಸಿ ಪರೀಕ್ಷೆ ಮಾಡುತ್ತಿದ್ದರು. ಅದರಿಂದ ಹಾರಿದ ಸ್ಟ್ರಾನ್ಷಿಯಂ-90 ಎಂಬ ಧೂಳು ಮಳೆಯ ಜೊತೆ ಹುಲ್ಲಿಗೆ ಇಳಿಯಿತು. ಹುಲ್ಲನ್ನು ಹಸು ತಿಂದಿತು. ಹಸುವಿನ ಹಾಲನ್ನು ಮಗು ಕುಡಿಯಿತು. ಸ್ಟ್ರಾನ್ಷಿಯಂ ನಡೆದುಕೊಳ್ಳುವುದು ಸುಣ್ಣದ ಅಂಶದ ಹಾಗೆ. ಮೈಗೆ ವ್ಯತ್ಯಾಸ ತಿಳಿಯುವುದಿಲ್ಲ. ಸೀದಾ ಮೂಳೆಗೆ, ಹಲ್ಲಿಗೆ ಹೋಗಿ ಸೇರುತ್ತದೆ. ಪರೀಕ್ಷೆಗಳು ಜೋರಾದ ವರ್ಷಗಳಲ್ಲಿ ಹುಟ್ಟಿದ ಮಕ್ಕಳ ಹಲ್ಲಿನಲ್ಲಿ ಅದು ಜಾಸ್ತಿ ಸಿಕ್ಕಿತು. 1963ರಲ್ಲಿ ಅಮೆರಿಕ, ಸೋವಿಯತ್ ರಷ್ಯಾ, ಬ್ರಿಟನ್ ಸೇರಿ ಗಾಳಿಯಲ್ಲಿ, ನೀರಿನೊಳಗೆ, ಅಂತರಿಕ್ಷದಲ್ಲಿ ಪರೀಕ್ಷೆ ಬೇಡ ಅಂತ ಒಪ್ಪಂದ ಮಾಡಿಕೊಂಡವು. ಆ ಒತ್ತಡದಲ್ಲಿ ಈ ಹಲ್ಲುಗಳ ಪಾಲೂ ಇತ್ತು.

ಆಮೇಲೆ ಇಬ್ಬರು ಹೃದಯದ ಡಾಕ್ಟರುಗಳ ಕಥೆ ಹೇಳಿ. ಅಮೆರಿಕದ ಬರ್ನಾರ್ಡ್ ಲೌನ್, ರಷ್ಯಾದ ಯೆವ್ಗೆನಿ ಚಾಝೋವ್. ಅವರ ದೇಶಗಳು ಒಂದರ ಕಡೆಗೊಂದು ಬಾಂಬು ಗುರಿಯಿಟ್ಟು ಕೂತಿದ್ದ ಕಾಲ. 1980ರಲ್ಲಿ ಇಬ್ಬರೂ ಸೇರಿ ಅಣುಯುದ್ಧ ತಡೆಯುವ ಡಾಕ್ಟರುಗಳ ಅಂತರರಾಷ್ಟ್ರೀಯ ಸಂಘಟನೆ ಕಟ್ಟಿದರು. ಐಪಿಪಿಎನ್‌ಡಬ್ಲ್ಯು ಅಂತ ಕರೆಯುತ್ತಾರೆ. 1985ರಲ್ಲಿ ಅದಕ್ಕೆ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಓಸ್ಲೋದಲ್ಲಿ ಪ್ರಶಸ್ತಿಗೆ ಮೊದಲು ಪತ್ರಿಕಾಗೋಷ್ಠಿ ನಡೆಯುತ್ತಿರುವಾಗ ರಷ್ಯಾದ ಒಬ್ಬ ಪತ್ರಕರ್ತ ಹೃದಯ ನಿಂತು ಕುಸಿದುಬಿದ್ದ. ಲೌನ್, ಚಾಝೋವ್ ಇಬ್ಬರೂ ಓಡಿಬಂದು ನೆಲದ ಮೇಲೆ ಕೂತು ಆತನ ಎದೆ ಒತ್ತಿದರು. ಆತ ಬದುಕಿದ. ಡಾಕ್ಟರ್ ಯಾಕೆ ಬಾಂಬಿನ ಬಗ್ಗೆ ಮಾತಾಡಬೇಕು ಅಂತ ಕೇಳುವವರಿಗೆ ನಾನು ಯಾವಾಗಲೂ ಇದನ್ನೇ ಹೇಳುತ್ತೇನೆ.

ಪಡ್ರೆ ಕಡೆಯವ, ಠಾಣೆ

ಡಾಕ್ಟ್ರಕ್ಕ, ನಾನು ಓದಿದ್ದು ಹತ್ತನೇ ತರಗತಿ. ಠಾಣೆಯಲ್ಲಿ ಹೋಟೆಲು. ಬಾಂಬಿನ ವಿಷಯ ಜಾಸ್ತಿ ಗೊತ್ತಿಲ್ಲ. ಆದರೆ ನೋಟುಬುಕ್ಕಿನ ವಿಷಯ ಗೊತ್ತು, ಅದಕ್ಕೆ ಬರೆಯುತ್ತಿದ್ದೇನೆ.

ನಮ್ಮೂರು ಕಾಸರಗೋಡಿನ ಎಣ್ಮಕಜೆ. ನಾನು ಚಿಕ್ಕವನಿದ್ದಾಗ ಗುಡ್ಡದ ಮೇಲಿನ ಗೇರು ತೋಟಕ್ಕೆ ಹೆಲಿಕಾಪ್ಟರ್‌ನಲ್ಲಿ ಎಂಡೋಸಲ್ಫಾನ್ ಎಂಬ ಕೀಟನಾಶಕ ಹೊಡೆಯುತ್ತಿದ್ದರು. ಹೆಲಿಕಾಪ್ಟರ್ ಬಂತು ಅಂತ ನಾವು ಮಕ್ಕಳೆಲ್ಲ ಅಂಗಳಕ್ಕೆ ಓಡುತ್ತಿದ್ದೆವು. ಗುಡ್ಡದ ಕೆಳಗೆ ನಮ್ಮ ತೋಡು, ನೀರಿನ ಸುರಂಗ, ಬಾವಿ ಎಲ್ಲ ಇದ್ದವು. ಮದ್ದು ಅಲ್ಲಿಗೇ ಇಳಿಯುತ್ತಿತ್ತು.

ಅಲ್ಲಿ ಡಾ. ವೈ.ಎಸ್. ಮೋಹನ್ ಕುಮಾರ್ ಅಂತ ನಮ್ಮ ಊರಿನ ಡಾಕ್ಟರು. ಇಷ್ಟು ಸಣ್ಣ ಊರಿನಲ್ಲಿ ಇಷ್ಟೊಂದು ಬುದ್ಧಿಮಾಂದ್ಯ, ಅಪಸ್ಮಾರ, ಅಂಗ ಊನದ ಮಕ್ಕಳು, ಕ್ಯಾನ್ಸರ್ ಯಾಕೆ ಅಂತ ಮೊದಲು ಯೋಚಿಸಿದವರಲ್ಲಿ ಅವರೊಬ್ಬರು. ದೊಡ್ಡ ಆಸ್ಪತ್ರೆ ಇಲ್ಲ, ಲ್ಯಾಬ್ ಇಲ್ಲ. ಯಾವ ಮನೆಯಲ್ಲಿ ಯಾರಿಗೆ ಏನು ಕಾಯಿಲೆ ಅಂತ ಅವರಿಗೆ ಗೊತ್ತಿತ್ತು, ಅದೇ ಅವರ ಲೆಕ್ಕ. ಪತ್ರಕರ್ತ ಶ್ರೀಪಡ್ರೆ ಬರೆದರು, ಊರಿನವರು ಕೋರ್ಟಿಗೆ ಹೋದರು. ಇಪ್ಪತ್ತಕ್ಕೂ ಹೆಚ್ಚು ವರ್ಷ ನಡೆದಿದ್ದ ಆ ಸಿಂಪಡಣೆ ನಿಂತಿತು. 2011ರ ಮೇಯಲ್ಲಿ ಸುಪ್ರೀಂ ಕೋರ್ಟ್ ಇಡೀ ದೇಶದಲ್ಲಿ ಎಂಡೋಸಲ್ಫಾನ್ ನಿಲ್ಲಿಸಿತು.

ನನ್ನ ಚಿಕ್ಕಮ್ಮನ ಮಗನಿಗೆ ಈಗ 34 ವರ್ಷ. ಚಿಕ್ಕಮ್ಮನೇ ಇವತ್ತಿಗೂ ಊಟ ಮಾಡಿಸಬೇಕು. ಸಿಂಪಡಣೆ ನಿಂತದ್ದು ಅವನ ಪಾಲಿಗೆ ತಡವಾಯಿತು. ಅವನ ಅಣ್ಣನ ಮಕ್ಕಳು ಶಾಲೆಗೆ ಹೋಗುತ್ತಿದ್ದಾರೆ. ನಿಮ್ಮ ಬುಕ್ಕನ್ನು ಒಬ್ಬರು ತೆರೆಯಲಿಲ್ಲ ಅಂತ ಬಿಡಬೇಡಿ ಅಕ್ಕ. ಸಭೆಗೆ ತೆಗೆದುಕೊಂಡು ಹೋಗಿ ಮೇಜಿನ ಮೇಲೆ ಇಡಿ. ನಾನೂ ಬರುತ್ತೇನೆ. ಕಾಫಿ, ತಿಂಡಿ ನನ್ನ ಹೋಟೆಲಿನದ್ದು.

ಅಣುಶಕ್ತಿನಗರದ ಹಿರಿಯ

ಡಾಕ್ಟರ್ ಮೇಡಂ, ನಾನು ಟ್ರಾಂಬೆಯ ಅಣು ಸಂಶೋಧನಾ ಕೇಂದ್ರದಲ್ಲಿ 35 ವರ್ಷ ಕೆಲಸ ಮಾಡಿದವನು. 1956ರಲ್ಲಿ ಅಪ್ಸರಾ ರಿಯಾಕ್ಟರ್ ಶುರುವಾದಾಗ ಏಷ್ಯಾದಲ್ಲೇ ಮೊದಲನೆಯದು ಅಂತ ದೇಶ ಹೆಮ್ಮೆಪಟ್ಟಿತ್ತು. ಆ ಹೆಮ್ಮೆ ನನ್ನಲ್ಲಿ ಇನ್ನೂ ಇದೆ.

ಎರಡು ಮಾತು ಹೇಳುತ್ತೇನೆ. ಅಣು ಅಂದ ಕೂಡಲೇ ಜನ ಎಲ್ಲದಕ್ಕೂ ಹೆದರುವ ಹಾಗೆ ಮಾಡಬೇಡಿ. ಪರೇಲ್‌ನ ರೇಡಿಯೇಷನ್ ಮೆಡಿಸಿನ್ ಸೆಂಟರ್‌ನಲ್ಲಿ ಥೈರಾಯ್ಡ್ ಕ್ಯಾನ್ಸರ್‌ಗೆ ಅಯೋಡಿನ್-131 ಕೊಡುತ್ತಾರೆ. ನನ್ನ ಹೆಂಡತಿಗೂ ಕೊಟ್ಟರು, ಆಕೆ ಇವತ್ತು ಚೆನ್ನಾಗಿದ್ದಾಳೆ. ಮಾತು ಕೇಳಿ ಯಾರಾದರೂ ಆ ಚಿಕಿತ್ಸೆ ಬೇಡ ಅಂದರೆ ಅದು ಅನ್ಯಾಯ.

ಎರಡನೆಯದು, 1998ರ ಮೇಯಲ್ಲಿ ನಾವು ಪೋಖರಣ್‌ನಲ್ಲಿ ಪರೀಕ್ಷೆ ಮಾಡಿದೆವು, ಅದೇ ತಿಂಗಳು ಪಾಕಿಸ್ತಾನ ಚಾಗೈಯಲ್ಲಿ ಮಾಡಿತು. ನೆರೆಯವರ ಕೈಯಲ್ಲಿ ಇರುವಾಗ ನಾವೊಬ್ಬರೇ ಕೆಳಗಿಡುವುದು ಹೇಗೆ? ಮೊದಲು ನಾವು ಹಾಕುವುದಿಲ್ಲ ಅಂತ ಭಾರತ ಹೇಳಿದೆ. 2017ರ ಅಣ್ವಸ್ತ್ರ ನಿಷೇಧ ಒಪ್ಪಂದಕ್ಕೆ ಸಹಿ ಹಾಕಿಲ್ಲ. ಅದಕ್ಕೂ ಕಾರಣ ಇದೆ. ಈ ಮಾತನ್ನೂ ಸಭೆಯಲ್ಲಿ ಹೇಳಬೇಕು.

ವಾಶಿನಾಕಾ ಡಾಕ್ಟರಮ್ಮ, ಚೆಂಬೂರು

ಎಲ್ಲರಿಗೂ ತುಂಬ ಧನ್ಯವಾದ. ಮಕ್ಕಳ ಡಾಕ್ಟರೇ, ಹಲ್ಲಿನ ಕಥೆಯಿಂದಲೇ ಶುರು ಮಾಡುತ್ತೇನೆ. ರಾತ್ರಿ ಮಗಳಿಗೆ ಹೇಳಿದೆ. "ಅಮ್ಮ, ನನ್ನ ಹಲ್ಲು ಎಲ್ಲಿದೆ?" ಅಂತ ಕೇಳಿದಳು. ಕುಂದಾಪುರದ ಮನೆಯ ಮಾಡಿನ ಮೇಲೆ ಇರಬೇಕು.

ಹಿರಿಯರೇ, ನಿಮ್ಮ ಮೊದಲನೇ ಮಾತು ಪೂರ್ತಿ ಒಪ್ಪುತ್ತೇನೆ. ಅಯೋಡಿನ್ ಚಿಕಿತ್ಸೆಗೆ ನಾನೇ ಪೇಷಂಟುಗಳನ್ನು ಪರೇಲ್‌ಗೆ ಕಳಿಸಿದ್ದೇನೆ. ಸಭೆಯಲ್ಲಿ ಅದನ್ನು ಬಿಡಿಸಿ ಹೇಳುತ್ತೇನೆ. ನಮ್ಮ ದೇಶದ ಡಾಕ್ಟರುಗಳ ಸಂಘಟನೆಯೇ, ಇಂಡಿಯನ್ ಡಾಕ್ಟರ್ಸ್ ಫಾರ್ ಪೀಸ್ ಅಂಡ್ ಡೆವಲಪ್‌ಮೆಂಟ್, ಜಾರ್ಖಂಡಿನ ಜಾದೂಗುಡಾದ ಯುರೇನಿಯಂ ಗಣಿಯ ಸುತ್ತ 2007ರಲ್ಲಿ ಮನೆಮನೆ ಸರ್ವೆ ಮಾಡಿತ್ತು. ಗಣಿಯ ಹತ್ತಿರದ ಹಳ್ಳಿಗಳಲ್ಲಿ ಹುಟ್ಟಿನಿಂದಲೇ ಊನವಿರುವ ಮಕ್ಕಳು ದೂರದ ಹಳ್ಳಿಗಳಿಗಿಂತ ಜಾಸ್ತಿ ಅಂತ ಅವರಿಗೆ ಕಂಡಿತು. ಔಷಧಿಯೂ ಅಣುವಿನಿಂದ ಬರುತ್ತದೆ, ಗಣಿಯ ಬದಿಯ ತಾಯಿಯ ಕಷ್ಟವೂ ಅಲ್ಲೇ ಇದೆ. ಎರಡನ್ನೂ ಹೇಳಬೇಕಲ್ವಾ?

ಎರಡನೇ ಮಾತಿನಲ್ಲಿ ನಾವು ಒಪ್ಪಲಾರೆವು. ಆದರೂ ಕೇಳಿ. ಭಾರತ, ಪಾಕಿಸ್ತಾನ ಹಿರೋಶಿಮಾ ಅಳತೆಯ 100 ಬಾಂಬು ಹಾಕಿಕೊಂಡರೆ ಏನಾಗುತ್ತದೆ ಅಂತ ಐಪಿಪಿಎನ್‌ಡಬ್ಲ್ಯು 2013ರಲ್ಲಿ ವರದಿ ಕೊಟ್ಟಿದೆ. ಊರುಗಳು ಸುಟ್ಟ ಮಸಿ ಮೇಲೇರಿ ಬಿಸಿಲನ್ನು ತಡೆಯುತ್ತದೆ. ಭೂಮಿ ತಣ್ಣಗಾಗಿ ಭತ್ತ, ಗೋಧಿ, ಮೆಕ್ಕೆಜೋಳದ ಬೆಳೆ ಕುಸಿಯುತ್ತದೆ. ಜಗತ್ತಿನಲ್ಲಿ 200 ಕೋಟಿ ಜನರಿಗೆ ಅನ್ನದ ಅಪಾಯ. ಯಾರು ಮೊದಲು ಹಾಕಿದರು ಅಂತ ಮಸಿಗೆ ಗೊತ್ತಾಗುವುದಿಲ್ಲ. 2017ರ ಒಪ್ಪಂದಕ್ಕೆ 122 ದೇಶ ಮತ ಹಾಕಿದವು. ಅದಕ್ಕಾಗಿ ದುಡಿದ ಐಕ್ಯಾನ್ ಎಂಬ ಒಕ್ಕೂಟ ಹುಟ್ಟಿದ್ದು ಈ ಡಾಕ್ಟರುಗಳ ಸಂಘಟನೆಯಿಂದಲೇ. ನಮ್ಮ ದೇಶವೂ ಒಂದು ದಿನ ಸಹಿ ಹಾಕಲಿ ಅಂತ ಕೇಳುವುದರಲ್ಲಿ ನನಗೆ ಸಂಕೋಚ ಇಲ್ಲ. ನೀವು ದಯವಿಟ್ಟು ಬನ್ನಿ. ನನ್ನ ಮಾತಾದ ಮೇಲೆ ನಿಮಗೆ 10 ನಿಮಿಷ ಇಟ್ಟಿದ್ದೇನೆ. ಕಮಿಟಿಯವರಿಗೂ ಹೇಳಿಯಾಯಿತು.

ಪಡ್ರೆಯ ತಮ್ಮ, ನಿಮ್ಮ ಚಿಕ್ಕಮ್ಮನಿಗೆ ನನ್ನ ನಮಸ್ಕಾರ ಹೇಳಿ. ಬುಕ್ಕನ್ನು ತರುತ್ತೇನೆ. ನಿನ್ನೆಯಿಂದ ಇನ್ನೊಂದು ಶುರು ಮಾಡಿದ್ದೇನೆ. ಖಾಲಿಯಾದ ಪಂಪ್ ಎಸೆಯಬೇಡಿ, ನನಗೇ ತಂದುಕೊಡಿ ಅಂತ ಮಾಹುಲ್‌ನವರಿಗೆ ಹೇಳಿದೆ. ಪ್ರತಿಯೊಂದರ ಮೇಲೆ ಬಿಲ್ಡಿಂಗ್ ನಂಬರು, ತಿಂಗಳು ಬರೆದ ಚೀಟಿ ಅಂಟಿಸುತ್ತೇನೆ. ಹೆಸರು ಬೇಡ. ಮೊದಲನೇ ದಿನವೇ 11 ಬಂದಿವೆ. ಆಗಸ್ಟ್ 6ಕ್ಕೆ ಸಂಜೆ 5 ಗಂಟೆಗೆ ಹಾಲಿನ ಬಾಗಿಲು ತೆಗೆಯುತ್ತಾರೆ. ತಿಂಡಿಗೆ 60 ಜನ ಅಂತ ಲೆಕ್ಕ ಇಟ್ಟುಕೊಳ್ಳಿ.