‘ದೀಪ ಹಚ್ಚು’ ಮತ್ತು ‘ದೀಪ ಹೊತ್ತಿಸು’: ಎರಡರ ಮೂಲವೂ ಒಂದೆಯೇ?

ಪ್ರಶ್ನೆ (ಬಾಗಲಕೋಟೆಯಿಂದ):
ನಮ್ಮ ಭಾಗದಲ್ಲಿ ದೀಪವನ್ನೂ ಒಲೆಯನ್ನೂ ‘ಹಚ್ಚುತ್ತಾರೆ’. ಕಬ್ಬು ಕಡಿದ ಮೇಲೆ ಹೊಲದಲ್ಲುಳಿದ ರವದಿಗೂ ಬೆಂಕಿ ‘ಹಚ್ಚುತ್ತಾರೆ’. ‘ಹೊತ್ತಿಸು’ ಎಂಬುದನ್ನು ಪುಸ್ತಕಗಳಲ್ಲಿ ಓದುತ್ತೇವೆಯೇ ಹೊರತು ಮನೆಯಲ್ಲಿ ಕೇಳುವುದು ಅಪರೂಪ. ‘ಬೆಂಕಿ ಹತ್ತಿತು’ ಎಂಬುದು ‘ಬೆಂಕಿ ಹೊತ್ತಿತು’ ಎಂಬುದರ ಆಡುರೂಪವೆಂದು ಹಿರಿಯರೊಬ್ಬರು ಹೇಳುತ್ತಾರೆ. ಬಲ್ಲವರು ತಿಳಿಸಬೇಕಾಗಿ ವಿನಂತಿ.

ಉತ್ತರ (ವಿಜಯಪುರದಿಂದ):
ಅವು ಬೇರೆ ಬೇರೆ ಧಾತುಗಳು. ಹಳಗನ್ನಡದ ‘ಪೊತ್ತು’ ಎಂದರೆ ಕಿಡಿ ತಗುಲಿ ಉರಿಯತೊಡಗು. ‘ಪತ್ತು’ ಎಂದರೆ ಅಂಟು, ಸೇರಿಕೊಳ್ಳು. ಪದಾದಿಯ ಪಕಾರ ಕಾಲಕ್ರಮೇಣ ಹಕಾರವಾದಾಗ ಇವು ‘ಹೊತ್ತು’, ‘ಹತ್ತು’ ಎಂದಾಗಿ, ಕೇಳುವ ಕಿವಿಗೆ ಒಂದೇ ಪದದ ಎರಡು ಉಚ್ಚಾರಗಳಂತೆ ತೋರುತ್ತವೆ. ‘ಹೊತ್ತು’ವಿನ ಜೋಡಿ ‘ಹೊತ್ತಿಸು’, ‘ಹತ್ತು’ವಿನ ಜೋಡಿ ‘ಹಚ್ಚು’: ಬೆಂಕಿ ತಾನಾಗಿ ಹತ್ತುತ್ತದೆ, ನಾವು ಅದನ್ನು ಹಚ್ಚುತ್ತೇವೆ. ಅರಿಷಿಣ ಹಚ್ಚುವುದು, ಮಗನನ್ನು ಸಾಲಿಗೆ (ಶಾಲೆಗೆ) ಹಚ್ಚುವುದು, ಫೋನ್ ಹಚ್ಚುವುದು ಎಲ್ಲವೂ ಇದೇ ಕ್ರಿಯಾಪದವೇ ಆಗಿರುವುದರಿಂದ, ಅಲ್ಲಿ ಸುಡುವ ಅರ್ಥ ಮೊದಲಿನದಲ್ಲ, ಒಂದನ್ನು ಇನ್ನೊಂದಕ್ಕೆ ತಾಗಿಸುವ ಅರ್ಥವೇ ಮೊದಲಿನದು ಎನ್ನಬೇಕಾಗುತ್ತದೆ. (ಎಣಿಕೆಯ ‘ಹತ್ತು’ ಬೇರೆ ಪದ, ತಮಿಳಿನಲ್ಲಿ ಅದು ‘ಪತ್ತು’, ಅಂಟುವುದು ‘ಪಱ್ಱು’.)

ಉತ್ತರ (ಬೆಳಗಾವಿಯಿಂದ):
ಮೇಲಿನವರ ಮಾತಿಗೆ ಗಡಿನಾಡಿನಿಂದ ಒಂದು ಪುರವಣಿ. ಮರಾಠಿಯ ‘ಲಾಗಣೆ’, ‘ಲಾವಣೆ’ ಜೋಡಿಯೂ ಹೀಗೆಯೇ ನಡೆಯುತ್ತದೆ: ಆಗ್ ಲಾಗಲೀ (ಬೆಂಕಿ ಹತ್ತಿತು), ದಿವಾ ಲಾವಲಾ (ದೀಪ ಹಚ್ಚಿದರು), ಹಳದ್ ಲಾವಲೀ (ಅರಿಷಿಣ ಹಚ್ಚಿದರು). ‘ಅಳಾಕ ಹತ್ತಿದ’ (ಅಳತೊಡಗಿದ) ಎಂದು ನಾವು ಹೇಳುವಲ್ಲಿ ಅವರು ‘ರಡೂ ಲಾಗಲಾ’ ಎನ್ನುತ್ತಾರೆ. ನಮ್ಮ ‘ಮಳಿ ಬರಾಕತ್ತೇತಿ’ (ಮಳೆ ಬರುತ್ತಿದೆ) ಎಂಬಲ್ಲಿಯೂ ಇದೇ ‘ಹತ್ತು’ ಹಕಾರ ಕಳೆದುಕೊಂಡು ಕುಳಿತಿದೆ. ಇಷ್ಟು ಹೋಲಿಕೆಯನ್ನು ಕಂಡು ಬೆಂಕಿಯ ಅರ್ಥವನ್ನು ನಾವು ಮರಾಠಿಯಿಂದ ಪಡೆದೆವೆಂದು ಹೇಳುವವರಿದ್ದಾರೆ. ಅದನ್ನು ನಾನು ಒಪ್ಪಲಾರೆ; ಮರಾಠಿಯ ನೆರೆಯಿಲ್ಲದ ತಮಿಳಿನಲ್ಲಿಯೂ ‘ಪಱ್ಱು’ ಎಂಬುದಕ್ಕೆ ಅಂಟು, ಹಿಡಿ ಎಂಬ ಅರ್ಥಗಳ ಜೊತೆಗೆ ಬೆಂಕಿ ಹೊತ್ತಿಕೊಳ್ಳು ಎಂಬ ಅರ್ಥವಿದೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಹಾಗಾದರೆ ‘ಅನ್ನ ತಳಾ ಹತ್ತೇತಿ’ ಎಂಬುದರಲ್ಲಿ ಇರುವುದು ಯಾವುದು?

ಉತ್ತರ (ವಿಜಯಪುರದಿಂದ):
ಅಂಟುವ ‘ಹತ್ತು’. ಅನ್ನ ಪಾತ್ರೆಯ ತಳಕ್ಕೆ ಹಿಡಿಯಿತು ಎಂಬುದಷ್ಟೇ ಅದರ ಅರ್ಥ. ಅದು ಕರಿಯಾಗಿ ವಾಸನೆ ಬಂದರೆ ಮಾತ್ರ ‘ಹೊತ್ತಿದೆ’ ಅಥವಾ ‘ಸೀದಿದೆ’ ಎನ್ನಬೇಕು.